ಅಂಗಿ ಬದಲಾದರೂ ಆಸಾಮಿ ಅವನೇ: ಚಿತ್ರಕಥೆಯ ಸಾತತ್ಯದೋಷ ಮತ್ತು ಸಮಾನಕರ್ತೃಕತೆಯ ಪ್ರಶ್ನೆ

ಸಾರಾಂಶ: ಚಿತ್ರಕಥೆಗಳಲ್ಲಿ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ವೇಷ, ಬಣ್ಣ, ಹೆಸರುಗಳು ಅಕಾರಣವಾಗಿ ಬದಲಾಗುವುದನ್ನು ಸಾತತ್ಯದೋಷ ಎನ್ನಲಾಗುತ್ತದೆ. ಇದನ್ನು ದೃಶ್ಯವ್ಯಾಕರಣದ ನಿಯಮಭಂಗವೆಂದು ಎಣಿಸುವ ಒಲವನ್ನು ಈ ಲೇಖನ ಒಪ್ಪುವುದಿಲ್ಲ. ಕನ್ನಡದ ಕೃದಂತಾವ್ಯಯ ಸರಣಿ, ಮಸ್ಕಿಯ ಅಶೋಕ ಶಾಸನ ಮತ್ತು ಪಿಕ್ಲಿಹಾಳದ ಬಂಡೆಚಿತ್ರಗಳನ್ನು ಎದುರಿಗಿಟ್ಟುಕೊಂಡು ಇದು ನಿರ್ದೇಶದ ಸಮಸ್ಯೆ ಎಂದು ವಾದಿಸಲಾಗಿದೆ. ಚಿತ್ರಮಾಲೆಗಳನ್ನು ಬಳಸಿ ಕಥನ ಸಂಗ್ರಹಿಸುವ ಕ್ಷೇತ್ರಕಾರ್ಯಕ್ಕೆ ಇದರಿಂದ ಒದಗುವ ತೊಡಕನ್ನು ಕೊನೆಯಲ್ಲಿ ಚರ್ಚಿಸಲಾಗಿದೆ.

ಪ್ರಮುಖ ಪದಗಳು: ಚಿತ್ರಕಥೆ, ಸಾತತ್ಯ, ಸಹನಿರ್ದೇಶ, ಕೃದಂತಾವ್ಯಯ, ಮಸ್ಕಿ ಶಾಸನ

1

ಎಡಗೈಗೆ ಕಟ್ಟಿದ್ದ ಪಟ್ಟಿ ಮುಂದಿನ ಚೌಕಟ್ಟಿನಲ್ಲಿ ಬಲಗೈಗೆ ಬಂದಿರುತ್ತದೆ. ಸೊಂಟದಲ್ಲಿದ್ದ ಕತ್ತಿ ಮಾಯವಾಗಿ ಪುಟ ತಿರುವಿದೊಡನೆ ಮತ್ತೆ ಪ್ರತ್ಯಕ್ಷವಾಗುತ್ತದೆ. ಕಾಮಿಕ್ಸ್ ಓದುವ ಮಕ್ಕಳು ಇಂಥವನ್ನು ಕಂಡುಹಿಡಿದು ಸಂತೋಷಪಡುತ್ತಾರೆ. ಅಭಿಮಾನಿಗಳು ಪಟ್ಟಿ ಮಾಡುತ್ತಾರೆ. ವಿಮರ್ಶಕರು ಕಲಾವಿದನ ಅಜಾಗರೂಕತೆ ಎಂದು ಬರೆದು ಮುಂದೆ ಹೋಗುತ್ತಾರೆ. ಭಾಷಾವಿಜ್ಞಾನಿಗಳು ಇದರತ್ತ ನೋಡಿರುವುದು ಕಡಿಮೆ. ನೋಡಿದವರೂ ಸಿನಿಮಾದಿಂದ ಎರವಲು ತಂದ ಪರಿಕಲ್ಪನೆಯನ್ನೇ ಬಳಸಿರುವುದರಿಂದ ಚರ್ಚೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ.

ಸಿನಿಮಾದಲ್ಲಿ ಸಾತತ್ಯ ತಪ್ಪುವುದು ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ಚಿತ್ರೀಕರಿಸದೆ ಇರುವುದರಿಂದ. ನಟನ ಮೈಮೇಲಿನ ಅಂಗಿ ನಿಜವಾದ ಅಂಗಿ. ಕ್ಯಾಮೆರಾ ಅದನ್ನು ಇದ್ದಂತೆ ದಾಖಲಿಸುತ್ತದೆ. ಚಿತ್ರಕಥೆಯಲ್ಲಿ ಅಂಗಿ ಎಂಬ ವಸ್ತುವೇ ಇಲ್ಲ, ಅದನ್ನು ಪ್ರತಿ ಚೌಕಟ್ಟಿನಲ್ಲೂ ಹೊಸದಾಗಿ ಹೇಳಬೇಕು. ಪೆನ್ಸಿಲ್ ಹಿಡಿದವನು ಒಬ್ಬ, ಶಾಯಿ ತೀಡುವವನು ಇನ್ನೊಬ್ಬ, ಬಣ್ಣ ತುಂಬುವವನು ಮತ್ತೊಬ್ಬ, ಅಕ್ಷರ ಬರೆಯುವವನು ಬೇರೊಬ್ಬ ಆಗಿರುವ ಕಡೆ ಒಂದೇ ಸಂಗತಿಯನ್ನು ನಾಲ್ವರು ಹೇಳುತ್ತಿರುತ್ತಾರೆ. ಆದ್ದರಿಂದ ಇಲ್ಲಿ ತಪ್ಪುವುದು ವಸ್ತುವಿನ ಇರವಲ್ಲ, ಅದರ ಪುನರುಕ್ತಿ. ಈ ಕಾರಣಕ್ಕೇ ಪ್ರಶ್ನೆ ಭಾಷಾವಿಜ್ಞಾನದ್ದಾಗುತ್ತದೆ.

ಪ್ರಸಿದ್ಧವಾದ ಎರಡು ಪ್ರಸಂಗಗಳನ್ನು ನೆನೆಯಬಹುದು. ಅಮೆರಿಕದ ಮಾರ್ವೆಲ್ ಸಂಸ್ಥೆಯ ಹಲ್ಕ್ 1962ರ ಮೊದಲ ಸಂಚಿಕೆಯಲ್ಲಿ ಬೂದುಬಣ್ಣದವನು, ಎರಡನೆಯದರಲ್ಲಿ ಹಸಿರು. ಅಂದಿನ ಮುದ್ರಣದಲ್ಲಿ ಬೂದುಬಣ್ಣ ಎಲ್ಲ ಪುಟಗಳಲ್ಲೂ ಒಂದೇ ಛಾಯೆಯಾಗಿ ನಿಲ್ಲದಿದ್ದುದೇ ಇದಕ್ಕೆ ಕಾರಣ. ಎರಡು ವರ್ಷಗಳ ನಂತರ ಅದೇ ಪಾತ್ರದ ಮಾನವರೂಪವಾದ ಬ್ರೂಸ್ ಬ್ಯಾನರನನ್ನು ಕಥನಕಾರ ಸ್ಟ್ಯಾನ್ ಲೀ ಮರೆವಿನಿಂದ ಬಾಬ್ ಬ್ಯಾನರ್ ಎಂದು ಕರೆದ. ಓದುಗರು ಆಕ್ಷೇಪಿಸಿದಾಗ ಆತನ ಪೂರ್ಣ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಎಂದು ಘೋಷಿಸಲಾಯಿತು. ಬಾಬ್ ಎಂಬುದು ರಾಬರ್ಟ್ ಎಂಬುದರ ಹ್ರಸ್ವರೂಪವಾದ್ದರಿಂದ ತಪ್ಪು ಅಲ್ಲಿಗೆ ತಪ್ಪಾಗಿ ಉಳಿಯಲಿಲ್ಲ. ಬಣ್ಣದ ವಿಷಯದಲ್ಲೂ ಹಾಗೇ ಆಯಿತು: 1980ರ ದಶಕದಲ್ಲಿ ಬೂದು ಹಲ್ಕ್ ಎಂಬುದು ಅದೇ ಮನುಷ್ಯನ ಇನ್ನೊಂದು ವ್ಯಕ್ತಿತ್ವವೆಂದು ಕಥೆ ಕಟ್ಟಲಾಯಿತು. ಮುದ್ರಣಯಂತ್ರದ ಮಿತಿ ಕಾಲು ಶತಮಾನದ ನಂತರ ಪಾತ್ರದ ಮನಶ್ಶಾಸ್ತ್ರವಾಯಿತು!

ವ್ಯಾಕರಣದೋಷ ಈ ರೀತಿ ವರ್ತಿಸುವುದಿಲ್ಲ ಎಂಬುದು ನನ್ನ ಮೊದಲ ಅಂಶ. ‘ಅವಳು ಬಂದನು’ ಎಂಬ ವಾಕ್ಯವನ್ನು ಇಪ್ಪತ್ತೈದು ವರ್ಷಗಳ ನಂತರ ಯಾವ ಕಥೆಯೂ ಸಾಧುವಾಗಿಸಲಾರದು.

2

ಭಾಷೆಗಳ ನಡುವಿನ ವ್ಯತ್ಯಾಸ ಅವು ಏನನ್ನು ಹೇಳಬಲ್ಲವು ಎಂಬುದರಲ್ಲಿಲ್ಲ, ಏನನ್ನು ಹೇಳಲೇಬೇಕು ಎಂಬುದರಲ್ಲಿದೆ ಎಂಬ ರೋಮನ್ ಯಾಕಬ್‌ಸನ್ನರ ವಿಚಾರ ಅನುವಾದದ ಚರ್ಚೆಯಲ್ಲಿ ಸವೆದು ಹೋಗಿದೆ. ಆದರೂ ಇಲ್ಲಿ ಅದನ್ನು ಮತ್ತೆ ತೆಗೆಯಬೇಕಾಗಿದೆ. ಕನ್ನಡದ ಕಥನಕಾರ ನಾಯಕನ ಅಂಗಿಯ ಬಣ್ಣವನ್ನು ಒಮ್ಮೆಯೂ ಹೇಳದೆ ಕಾದಂಬರಿ ಮುಗಿಸಬಹುದು. ಕರ್ತೃಪದವನ್ನೇ ಬಿಟ್ಟು ಪುಟಗಟ್ಟಲೆ ಸಾಗಬಹುದು. ಕ್ರಿಯಾಪದದ ಪ್ರತ್ಯಯ ಪುರುಷ, ಲಿಂಗ, ವಚನಗಳನ್ನು ಹೊತ್ತಿರುವುದರಿಂದ ಅಷ್ಟು ಸಾಕು. ಚಿತ್ರಕಾರನಿಗೆ ಈ ಲೋಪದ ಸೌಲಭ್ಯವಿಲ್ಲ. ಮನುಷ್ಯನನ್ನು ಬರೆದ ಕೂಡಲೇ ಅವನಿಗೆ ಮೂಗು, ಕೂದಲು, ಅಂಗಿ, ಅಂಗಿಗೆ ಗುಂಡಿಗಳು ಬರಲೇಬೇಕು. ನೆರಳುಚಿತ್ರವಾಗಿ ತೋರಿಸುವುದೋ, ಚೌಕಟ್ಟಿನ ಆಚೆಗೆ ತಳ್ಳುವುದೋ ಇದ್ದರೂ ಅವು ಅಪವಾದಗಳೇ.

ಇದರ ಪರಿಣಾಮ ಗಮನಾರ್ಹವಾದುದು. ಸಾತತ್ಯದೋಷಗಳು ಎಲ್ಲೆಂದರಲ್ಲಿ ಸಂಭವಿಸುವುದಿಲ್ಲ. ಹೇಳುವುದು ಕಡ್ಡಾಯವಾಗಿದ್ದು ಕಥೆಗೆ ಬೇಕಿಲ್ಲದ ಕಡೆಗಳಲ್ಲಿ ಸಂಭವಿಸುತ್ತವೆ. ನಾಯಕನ ಮುಖ ತಪ್ಪುವುದು ಅಪರೂಪ, ಗುಂಡಿಗಳ ಎಣಿಕೆ ತಪ್ಪುವುದು ನಿತ್ಯದ ಮಾತು. ಕಥೆ ಮುಂದೆ ಒಂದು ಉಂಗುರದ ಗುರುತಿನ ಮೇಲೆ ನಿಲ್ಲುವುದಾದರೆ ಆ ಉಂಗುರ ಯಾವ ಚೌಕಟ್ಟಿನಲ್ಲೂ ಬೆರಳು ಬದಲಿಸುವುದಿಲ್ಲ.

ಹಾಗಾದರೆ ಓದುಗ ಎರಡು ಚೌಕಟ್ಟುಗಳಲ್ಲಿರುವವರು ಒಬ್ಬರೇ ಎಂದು ಯಾವ ಆಧಾರದಿಂದ ತಿಳಿಯುತ್ತಾನೆ? ನೀಲ್ ಕಾನ್ ತಮ್ಮ 2020ರ ಗ್ರಂಥದಲ್ಲಿ ಚಿತ್ರಮಾಲೆಯ ಓದಿಗೆ ಎರಡು ಪೂರ್ವಗ್ರಹೀತಗಳನ್ನು ಗುರುತಿಸುತ್ತಾರೆ: ಬೇರೆ ಬೇರೆ ಚೌಕಟ್ಟುಗಳಲ್ಲಿನ ಆಕೃತಿಗಳು ಅದೇ ವ್ಯಕ್ತಿಗಳೆಂಬ ಸಾತತ್ಯ ನಿಬಂಧನೆ, ಮತ್ತು ಆ ಆಕೃತಿಗಳ ಬದಲಾದ ಭಂಗಿಗಳು ಒಂದು ಕ್ರಿಯೆಯ ಘಟ್ಟಗಳೆಂಬ ಇನ್ನೊಂದು ನಿಬಂಧನೆ. ಇವು ಹುಟ್ಟಿನಿಂದ ಬರುವುದಿಲ್ಲ. ಚಿತ್ರಮಾಲೆಗಳ ಬಳಕೆಯಿಲ್ಲದವರು ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಜನರಿದ್ದಾರೆಂದು ವಿವರಿಸುವುದುಂಟು ಎಂಬ ಅವರ ಮಾತು ಕ್ಷೇತ್ರದಲ್ಲಿ ದುಡಿದವರಿಗೆ ಒಪ್ಪಿಗೆಯಾಗುವಂಥದು. ನನ್ನ ಭಿನ್ನಾಭಿಪ್ರಾಯ ಇರುವುದು ಈ ನಿಬಂಧನೆಯ ಸ್ವರೂಪದ ಬಗ್ಗೆ. ಅದನ್ನು ವ್ಯಾಕರಣನಿಯಮದಂತೆ ಎಣಿಸಿದರೆ ಸಾತತ್ಯದೋಷ ಅಸಾಧು ವಾಕ್ಯಕ್ಕೆ ಸಮನಾಗುತ್ತದೆ. ಕನ್ನಡದ ಸಾಮಗ್ರಿ ಬೇರೆ ಹೋಲಿಕೆಯನ್ನು ಕೊಡುತ್ತದೆ. (ಈ ಲೇಖನದ ಉದಾಹರಣೆ ವಾಕ್ಯಗಳೆಲ್ಲ ರಚಿತವಾದವು.)

(1) ಹುಡುಗ ಬಾಗಿಲು ತೆರೆದು ಒಳಗೆ ಬಂದು ಚೀಲ ಇಟ್ಟು ಕುಳಿತ.

ನಾಲ್ಕು ಕ್ರಿಯೆ, ಒಬ್ಬನೇ ಕರ್ತೃ. ನಾಲ್ಕು ಚೌಕಟ್ಟುಗಳ ಪಟ್ಟಿಯೊಂದಕ್ಕೆ ಇದಕ್ಕಿಂತ ಹತ್ತಿರದ ಭಾಷಿಕ ರಚನೆ ಸಿಗಲಾರದು. ಭೂತಕೃದಂತಾವ್ಯಯದಲ್ಲಿ ಲಿಂಗವಚನಗಳ ಗುರುತಿಲ್ಲ. ಕೊನೆಯ ಪೂರ್ಣಕ್ರಿಯಾಪದ ಮಾತ್ರ ಆಸಾಮಿಯನ್ನು ತೋರಿಸಿಕೊಡುತ್ತದೆ. ಸಂಸ್ಕೃತದ ಕ್ತ್ವಾ ಪ್ರತ್ಯಯಕ್ಕೆ ಪಾಣಿನಿ (3.4.21) ವಿಧಿಸುವ ಸಮಾನಕರ್ತೃಕತೆಯ ನಿಬಂಧನೆ ಇಲ್ಲೂ ಸಲ್ಲುತ್ತದೆ. ಕರ್ತೃ ಬದಲಾಗಬೇಕಾದರೆ ರಚನೆಯೂ ಬದಲಾಗಬೇಕು. ಹಳಗನ್ನಡದಲ್ಲಿ ‘ಬರೆ’, ‘ಬರಲ್’ ಎಂಬ ಸತಿಸಪ್ತಮಿ ಈ ಕೆಲಸ ಮಾಡುತ್ತಿತ್ತು. ಇಂದು ‘ಬಂದ ಮೇಲೆ’, ‘ಬಂದಾಗ’ ಎನ್ನುತ್ತೇವೆ.

(2) *ಅವನು ಬಂದು ನಾನು ಹೋದೆ.
(3) ಅವನು ಬಂದ ಮೇಲೆ ನಾನು ಹೋದೆ.

ಇಷ್ಟೇ ಆಗಿದ್ದರೆ ಕಾನ್ ಅವರ ಪಕ್ಷ ಗೆದ್ದಂತೆ. ಆದರೆ (4)ನ್ನು ಯಾವ ಕನ್ನಡಿಗನೂ ತಪ್ಪೆನ್ನುವುದಿಲ್ಲ.

(4) ಮಳೆ ಬಂದು ಕೆರೆ ತುಂಬಿತು.

ಕರ್ತೃಗಳು ಎರಡು, ಕೃದಂತಾವ್ಯಯ ಅದೇ. ಮಳೆಗೂ ಕೆರೆಗೂ ಇಚ್ಛೆಯಿಲ್ಲ, ಮೊದಲನೆಯದು ಎರಡನೆಯದಕ್ಕೆ ಕಾರಣ. ಕಾರಣಸಂಬಂಧ ಗಟ್ಟಿಯಾದಲ್ಲಿ ಸಮಾನಕರ್ತೃಕತೆ ಸಡಿಲವಾಗುತ್ತದೆ. ಹೆಚ್ಚು ಸ್ವಾರಸ್ಯವಿರುವುದು ಇವೆರಡರ ನಡುವಿನ ವಾಕ್ಯಗಳಲ್ಲಿ: ‘ಬಸ್ಸು ತಡವಾಗಿ ಬಂದು ನಾನು ಊಟ ತಪ್ಪಿಸಿಕೊಂಡೆ’ ಎಂಬುದನ್ನು ಕೆಲವರು ಒಪ್ಪುತ್ತಾರೆ, ಕೆಲವರು ಮುಖ ಕಿವಿಚುತ್ತಾರೆ. ಒಪ್ಪುವವರು ತಡವಾದ ಬಸ್ಸಿಗೂ ತಪ್ಪಿದ ಊಟಕ್ಕೂ ನಡುವೆ ಕಾರಣದ ಎಳೆಯೊಂದನ್ನು ತಾವೇ ನೇಯ್ದಿರುತ್ತಾರೆ. ಕೃದಂತದ ಈ ಬಳಕೆ ಕನ್ನಡಕ್ಕೆ ಸೀಮಿತವಲ್ಲ. ಭಾರತವನ್ನು ಒಂದು ಭಾಷಾಪ್ರದೇಶವೆಂದು ಎಮನೊ 1956ರಲ್ಲಿ ವಾದಿಸಿದಂದಿನಿಂದ ಇದು ಚರ್ಚೆಯಲ್ಲಿರುವ ವಿಷಯ.

ಚಿತ್ರಕಥೆಯ ಓದುಗ ಮಾಡುವುದೂ ಇದನ್ನೇ. ಮೊದಲ ಚೌಕಟ್ಟಿನಲ್ಲಿ ಇಡಿಯಾಗಿದ್ದ ಅಂಗಿ ಎರಡನೆಯದರಲ್ಲಿ ಹರಿದಿದ್ದರೆ ನಡುವೆ ಹೊಡೆದಾಟವಾಗಿದೆ ಎನ್ನುತ್ತಾನೆ. ಹರಿದ ಅಂಗಿ ಮುಂದಿನ ಚೌಕಟ್ಟಿನಲ್ಲಿ ಇಡಿಯಾದರೆ ಕೆಲಹೊತ್ತು ಕಾರಣ ಹುಡುಕುತ್ತಾನೆ, ಸಿಗದಿದ್ದಾಗ ಮಾತ್ರ ಕಲಾವಿದನ ಕಡೆ ಬೆರಳು ತೋರಿಸುತ್ತಾನೆ. ಮಾರ್ವೆಲ್ ಸಂಸ್ಥೆ 1960ರ ದಶಕದಲ್ಲಿ ಹುಟ್ಟುಹಾಕಿದ ‘ನೋ-ಪ್ರೈಜ್’ ಎಂಬ ತಮಾಷೆಯ ಬಹುಮಾನ ಕ್ರಮೇಣ ಈ ಹುಡುಕಾಟಕ್ಕೇ ಮೀಸಲಾಯಿತು. ತಪ್ಪು ತೋರಿಸಿದರೆ ಸಾಲದು, ಅದು ತಪ್ಪಲ್ಲವೆಂದು ವಿವರಿಸಬೇಕು. ಆಗ ಬಹುಮಾನವಾಗಿ ಖಾಲಿ ಲಕೋಟೆ ಬರುತ್ತಿತ್ತು. ಡೇವಿಡ್ ಲೂಯಿಸ್ 1979ರಲ್ಲಿ ಸಂಭಾಷಣೆಯ ಬಗ್ಗೆ ಹೇಳಿದ ಹೊಂದಾಣಿಕೆಗೆ, ಅಂದರೆ ಹೇಳಿದ್ದು ಸರಿಯಾಗಲು ಬೇಕಾದ ಪೂರ್ವಗ್ರಹೀತವನ್ನು ಕೇಳುಗನೇ ಒದಗಿಸಿಕೊಳ್ಳುವುದಕ್ಕೆ, ಇದಕ್ಕಿಂತ ಒಳ್ಳೆಯ ಸಾಂಸ್ಥಿಕ ನಿದರ್ಶನ ನನಗೆ ತಿಳಿದಿಲ್ಲ.

3

ಇದೆಲ್ಲ ಕಾಮಿಕ್ಸಿನ ಮಾತಾಯಿತು. ಚೌಕಟ್ಟುಗಳು ಪುಟದ ಮೇಲೆ ಪಕ್ಕಪಕ್ಕದಲ್ಲಿರದೆ ನೂರಾರು ಮೈಲಿ ಚದುರಿದ್ದರೆ ಏನಾಗುತ್ತದೆ? ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆ ಈ ಪ್ರಶ್ನೆಗೆ ಉತ್ತರ ಕೊಡುವ ಸ್ಥಳ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ಮಾತನಾಡುತ್ತಿದ್ದವನು ದೇವಾನಂಪಿಯ ಪಿಯದಸಿ. ಈತ ಯಾರು? ಪ್ರಿನ್ಸೆಪ್ ಮೊದಲು ಸಿಂಹಳದ ದೇವಾನಂಪಿಯ ತಿಸ್ಸನೆಂದು ಊಹಿಸಿದರು. ಊಹೆ ಅಸಂಗತವಾಗಿರಲಿಲ್ಲ, ಬಿರುದು ಅದೇ ಆಗಿತ್ತು. ಸಿಂಹಳದ ಪಾಲಿ ವಂಶಕಥನಗಳನ್ನು ಬಲ್ಲ ಜಾರ್ಜ್ ಟರ್ನರ್ ಪಿಯದಸಿ ಎಂಬುದು ಅಶೋಕನ ಹೆಸರೆಂದು ತೋರಿಸಿಕೊಟ್ಟರು. ಅಂದಿನಿಂದ ಸುಮಾರು 80 ವರ್ಷ ಈ ಸಮೀಕರಣ ಗ್ರಂಥಾಧಾರದ ಮೇಲೆ ನಿಂತಿತ್ತು. ಆಗ ತಿಳಿದಿದ್ದ ದೇವಾನಂಪಿಯನ ಯಾವ ಶಾಸನದಲ್ಲೂ ಅಶೋಕ ಎಂಬ ಹೆಸರಿರಲಿಲ್ಲ. ನಿಜಾಮ ಸಂಸ್ಥಾನದ ಭಾಗವಾಗಿದ್ದ ಮಸ್ಕಿಯಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ 1915ರಲ್ಲಿ ಕಂಡ ಶಾಸನ ‘ದೇವಾನಂಪಿಯಸ ಅಸೋಕಸ’ ಎಂದು ಆರಂಭವಾಗುತ್ತದೆ. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಸಂಪಾದಿಸಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಪುಟವಾಗಿ ಪ್ರಕಟಿಸಿದರು. ಬಿರುದು ಮತ್ತು ಹೆಸರು ಷಷ್ಠಿ ವಿಭಕ್ತಿಯಲ್ಲಿ ಅಕ್ಕಪಕ್ಕ ನಿಂತು ಒಬ್ಬನನ್ನೇ ನಿರ್ದೇಶಿಸುವ ಈ ಎರಡು ಪದಗಳು ಉಳಿದೆಲ್ಲ ಬಂಡೆಗಳನ್ನೂ ಕಂಬಗಳನ್ನೂ ಒಂದೇ ಕಥೆಯ ಚೌಕಟ್ಟುಗಳಾಗಿ ಹೊಲಿದವು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಹಾಗೂ ಸಿಂಧನೂರು ಸೀಮೆಯಿಂದ ತುಂಗಭದ್ರೆ ದಾಟಿದರೆ ಸಿಗುವ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ದೊರೆಯಿತು.

ದೇವಾನಂಪಿಯ ಎಂಬುದು ವೇಷದಂತೆ, ಅಸೋಕ ಎಂಬುದು ಮುಖದಂತೆ. ವೇಷವನ್ನು ಇಬ್ಬರು ತೊಡಬಹುದು: ಸಿಂಹಳದ ತಿಸ್ಸ ತೊಟ್ಟ, ನಾಗಾರ್ಜುನಿ ಗುಹೆಗಳ ಶಾಸನದಲ್ಲಿ ದಶರಥನೂ ತೊಟ್ಟ. ಪ್ರಿನ್ಸೆಪ್ ಮಾಡಿದ್ದು ವೇಷದಿಂದ ಆಸಾಮಿಯನ್ನು ಗುರುತಿಸುವ ಓದು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ, ಇಂದ್ರಜಾಲ ಕಾಮಿಕ್ಸ್ ಮೂಲಕ ನಮ್ಮಲ್ಲಿ ಮನೆಮಾತಾದ ಫ್ಯಾಂಟಮ್ ಈ ಓದನ್ನೇ ಬಂಡವಾಳ ಮಾಡಿಕೊಂಡವನು. ಇಪ್ಪತ್ತೊಂದು ತಲೆಮಾರು ಅದೇ ಉಡುಪು ತೊಟ್ಟಿದ್ದರಿಂದ ಕಾಡಿನ ಜನ ಅವನನ್ನು ಸಾವಿಲ್ಲದ ಒಬ್ಬನೇ ಎಂದು ನಂಬುತ್ತಾರೆ. ಅಲ್ಲಿ ಸಾತತ್ಯವೇ ಮೋಸ. ವೇಷದ ಸಾತತ್ಯದಿಂದ ವ್ಯಕ್ತಿಯ ಸಾತತ್ಯ ಸಿದ್ಧಿಸುವುದಿಲ್ಲ, ವೇಷ ಬದಲಾದ ಮಾತ್ರಕ್ಕೆ ವ್ಯಕ್ತಿ ಬದಲಾಗುವುದೂ ಇಲ್ಲ. ಆಕೃತಿಗಳ ಸಾದೃಶ್ಯವನ್ನೇ ಮುಂದೊತ್ತುವ ಸಾತತ್ಯ ನಿಬಂಧನೆ ಈ ಎರಡನ್ನು ಬಿಡಿಸಿ ನೋಡುವಷ್ಟು ಸೂಕ್ಷ್ಮವಾಗಿಲ್ಲ. ಫ್ಯಾಂಟಮನ ಊರಿನ ಹೆಸರೂ ಇದೇ ಪಾಡು ಪಟ್ಟಿತು ಎಂಬುದನ್ನು ಹೇಳಿಬಿಡುತ್ತೇನೆ: ಮೂಲದ ಬೆಂಗಾಲಿ ಎಂಬ ಹೆಸರು ನಮ್ಮ ಬಂಗಾಳವನ್ನು ನೆನಪಿಸುತ್ತದೆಂದು ಇಂದ್ರಜಾಲದವರು ಡೆಂಕಾಲಿ ಎಂದು ಬದಲಿಸಿದರು. ಇಂಗ್ಲಿಷ್ ಮೂಲವನ್ನೂ ಇಂದ್ರಜಾಲವನ್ನೂ ಒಟ್ಟಿಗೆ ಓದಿದವನಿಗೆ ದೇಶಗಳು ಎರಡು.

ಮಸ್ಕಿಗೆ ಸಮೀಪದ ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳ ಇದಕ್ಕೆ ತಿರುಗಾದ ಪಾಠ ಕಲಿಸುತ್ತದೆ. 1952ರಲ್ಲಿ ಆಲ್ಚಿನ್ ಉತ್ಖನನ ನಡೆಸಿದ, 1960ರಲ್ಲಿ ವರದಿ ಪ್ರಕಟವಾದ ಆ ನೆಲೆಯ ಬಂಡೆಗಳ ಮೇಲೆ ಗೂಳಿಗಳು, ಮನುಷ್ಯರು, ಇತರ ಪ್ರಾಣಿಗಳು ಒಂದರ ಮೇಲೊಂದು, ಒಂದರ ಪಕ್ಕ ಒಂದು ಇವೆ. ಪುಟಕ್ಕೆ ಪಳಗಿದ ಕಣ್ಣು ಎಡದ ಗೂಳಿಯಿಂದ ಬಲದ ಗೂಳಿಗೆ ತಾನಾಗಿಯೇ ಸಾಗಿ, ಕೊಂಬು ಏಕೆ ಬದಲಾಯಿತೆಂದು ಕೇಳುತ್ತದೆ. ಕೊಂಬು ಬದಲಾಗಿಲ್ಲ. ಬರೆದವರು ಬೇರೆ, ಕಾಲ ಬೇರೆ, ಕೆಲವೆಡೆ ಅಂತರ ಸಾವಿರ ವರ್ಷಗಳನ್ನೂ ಮೀರುತ್ತದೆ. ಸರಣಿಯೇ ಇಲ್ಲದಲ್ಲಿ ದೋಷವೂ ಇಲ್ಲ. ಯಾವುದನ್ನಾದರೂ ಸಾತತ್ಯದೋಷ ಎನ್ನುವ ಮೊದಲು ಅಲ್ಲಿ ಸರಣಿಯಿದೆ ಎಂಬುದನ್ನು ಸಾಧಿಸಬೇಕಾಗುತ್ತದೆ, ಅಭಿಮಾನಿಗಳ ಪಟ್ಟಿಗಳು ಈ ಹೆಜ್ಜೆಯನ್ನು ಹಾರಿಬಿಡುತ್ತವೆ.

ಓದಿನ ದಿಕ್ಕೂ ಹೀಗೆಯೇ ಕೊಟ್ಟದ್ದಲ್ಲ, ಒಪ್ಪಿಕೊಂಡದ್ದು. ಕರ್ನೂಲು ಸೀಮೆಯ ಎರ್ರಗುಡಿಯಲ್ಲಿ ಅಶೋಕನ ಕಿರು ಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ, ಎತ್ತು ಉಳುವಂತೆ, ಸಾಗುತ್ತವೆ. ಜಪಾನಿನ ಚಿತ್ರಕಥೆಗಳನ್ನು ಮೊದಮೊದಲು ಇಂಗ್ಲಿಷಿಗೆ ತಂದವರು ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಿದ್ದರಿಂದ ಯೋಧರೆಲ್ಲ ಎಡಚರಾದರು, ಕಿಮೋನೊದ ಮಡಿಕೆ ಶವಕ್ಕೆ ಉಡಿಸುವ ರೀತಿಗೆ ತಿರುಗಿತು. ಒಳಗೆ ಎಲ್ಲವೂ ಪರಸ್ಪರ ಹೊಂದಿಕೊಂಡೇ ಇತ್ತು. ಹೊರಗಿನ ಲೋಕದೊಂದಿಗೆ ಮಾತ್ರ ತಪ್ಪಿತು.

4

ಕನ್ನಡದ ಚಿತ್ರಕಥೆಯಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವ ಸಾತತ್ಯದೋಷ ಚಿತ್ರದಲ್ಲಿಲ್ಲ, ಮಾತಿನ ಗುಳ್ಳೆಯಲ್ಲಿದೆ. ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ 1965ರ ಹೊತ್ತಿಗೆ ಕನ್ನಡದಲ್ಲಿ ಬಂದ ಪಾಶ್ಚಾತ್ಯ ಕಥೆಗಳು. ಇಂಗ್ಲಿಷಿನ ‘ಕೃಷ್ಣ’ ಹನ್ನೊಂದನೆಯ ಸಂಖ್ಯೆ ಹೊತ್ತಿರುವುದು ಅದರಿಂದಲೇ. ಅಂದಿನಿಂದ ನಮ್ಮ ಚಿತ್ರಕಥೆಯ ದೊಡ್ಡ ಪಾಲು ಅನುವಾದವೇ. ಚಿತ್ರ ಹಾಗೇ ಉಳಿದು ಅಕ್ಷರ ಮಾತ್ರ ಬದಲಾಗುತ್ತದೆ. ಗುಳ್ಳೆಯ ಅಳತೆ ಇಂಗ್ಲಿಷಿನ ಮಾತಿಗೆ ತಕ್ಕದ್ದು. ಇಂಗ್ಲಿಷಿನ ಒಂದೇ ಮಧ್ಯಮಪುರುಷ ಸರ್ವನಾಮ ಕನ್ನಡದಲ್ಲಿ ನೀನು, ನೀವು, ತಾವು ಎಂದು ಒಡೆಯಬೇಕು. ಅನುವಾದಕ ಗುಳ್ಳೆಗುಳ್ಳೆಯನ್ನು ಬಿಡಿಬಿಡಿಯಾಗಿ ಅನುವಾದಿಸಿದರೆ ಏನಾದೀತು?

(5) ಮೊದಲ ಚೌಕಟ್ಟು: ‘ಮಹಾರಾಜ, ನೀವು ಹಿಂದಿರುಗಿ.’ ಮೂರನೆಯ ಚೌಕಟ್ಟು, ಅದೇ ಮಂತ್ರಿ: ‘ಮಹಾರಾಜ, ನೀನು ಕೇಳು.’

ಇಂಗ್ಲಿಷ್ ಓದುಗನಿಗೆ ಇಲ್ಲಿ ಏನೂ ಆಗಿಲ್ಲ. ಕನ್ನಡ ಓದುಗನಿಗೆ ಮಂತ್ರಿ ದಂಗೆಯೆದ್ದಂತೆ ಕೇಳುತ್ತದೆ. ಅವನು ತಕ್ಷಣ ಎರಡನೆಯ ಚೌಕಟ್ಟಿಗೆ ಹಿಂದಿರುಗಿ ಕಾರಣ ಹುಡುಕುತ್ತಾನೆ, ಹರಿದ ಅಂಗಿಗೆ ಹುಡುಕಿದಂತೆಯೇ. ಅಂಗಿಯ ಬಣ್ಣ ಕಥೆಗೆ ಬೇಕಿಲ್ಲದ ಕಡ್ಡಾಯ, ಗೌರವವಚನ ಕಥೆಗೆ ಬೇಕಾದ ಕಡ್ಡಾಯ. ಆದ್ದರಿಂದ ಎರಡನೆಯ ದೋಷ ಹೆಚ್ಚು ನೋಯಿಸುತ್ತದೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಮಾತಿನಲ್ಲಿ ಮರ್ಯಾದೆಯ ದೊಡ್ಡ ಭಾರ ಹೊರುವ ‘ಬರ್ರಿ’, ‘ಹೌದ್ರಿ’ಗಳ ‘ರಿ’ಗೆ ಅನುವಾದಿತ ಚಿತ್ರಕಥೆಯ ಶಿಷ್ಟಗನ್ನಡದಲ್ಲಿ ಜಾಗವೇ ಇಲ್ಲ. ಈ ಭಾಗದ ಓದುಗ ಗೌರವದ ಸಾತತ್ಯವನ್ನು ತನ್ನದಲ್ಲದ ಗುರುತುಗಳಿಂದಲೇ ಪತ್ತೆಹಚ್ಚಬೇಕಾಗುತ್ತದೆ.

5

ಇದು ಸಂಶೋಧನ ವಿದ್ಯಾರ್ಥಿಗಳ ನಿತ್ಯದ ಕೆಲಸಕ್ಕೆ ತಟ್ಟುವುದು ಕ್ಷೇತ್ರದಲ್ಲಿ. ಮರ್ಸರ್ ಮೇಯರ್ ಅವರ 1969ರ ಮಾತಿಲ್ಲದ ಕಪ್ಪೆಯ ಕಥೆಯನ್ನು ಬರ್ಮನ್ ಮತ್ತು ಸ್ಲೋಬಿನ್ 1994ರ ತಮ್ಮ ಗ್ರಂಥದಲ್ಲಿ ಐದು ಭಾಷೆಗಳ ಕಥನ ಹೋಲಿಕೆಗೆ ಬಳಸಿದ ಮೇಲೆ ಚಿತ್ರಮಾಲೆ ತೋರಿಸಿ ಮಾತಾಡಿಸುವುದು ಸಾಮಾನ್ಯ ವಿಧಾನವಾಗಿದೆ. ಆ ಪುಸ್ತಕದ ಕೊನೆಯಲ್ಲಿ ಹುಡುಗ ಒಂದು ಕಪ್ಪೆಯನ್ನು ಕೈಯಲ್ಲಿ ಹಿಡಿದು ಹೊರಡುತ್ತಾನೆ. ಅದು ಅವನು ಕಳೆದುಕೊಂಡ ಕಪ್ಪೆಯೇ, ಅಥವಾ ಅಲ್ಲಿದ್ದ ಮರಿಗಳಲ್ಲೊಂದೇ? ಚಿತ್ರ ಖಚಿತವಾಗಿ ಹೇಳುವುದಿಲ್ಲ, ಕಥೆ ಹೇಳುವವರಲ್ಲಿ ಒಮ್ಮತವಿರುವುದಿಲ್ಲ. ಇಂಗ್ಲಿಷಿನವನು ಉಪಪದದ ಆಯ್ಕೆಯಲ್ಲಿ ತನ್ನ ತೀರ್ಮಾನವನ್ನು ಬಿಟ್ಟುಕೊಡಲೇಬೇಕು. ಕನ್ನಡದವನು ‘ಕಪ್ಪೆಯನ್ನು ಎತ್ತಿಕೊಂಡು ಹೋದ’ ಎಂದು ಜಾರಿಕೊಳ್ಳಬಹುದು. ದ್ವಿತೀಯಾ ವಿಭಕ್ತಿಯ ಪ್ರತ್ಯಯ ಅಚೇತನ ನಾಮಗಳಲ್ಲಿ ನಿರ್ದಿಷ್ಟತೆಯನ್ನು ಸೂಚಿಸುತ್ತದೆ, ಸಚೇತನಗಳಲ್ಲಿ ಕಡ್ಡಾಯವಾಗಿರುವುದರಿಂದ ಆ ಸೂಚನೆ ಕೊಡಲಾರದು ಎಂದು ಜೆಫ್ರಿ ಲಿಡ್ಜ್ 2006ರಲ್ಲಿ ತೋರಿಸಿದ್ದಾರೆ. ಕಪ್ಪೆ ಸಚೇತನ. ಪ್ರತ್ಯಯದಿಂದ ಏನನ್ನೂ ಹೊರಡಿಸುವಂತಿಲ್ಲ.

ಈಗ ಇದೇ ಪುಸ್ತಕವನ್ನು ಸಿಂಧನೂರು ತಾಲೂಕಿಗೆ ಒಯ್ಯುವುದಾದರೆ? ಅಲ್ಲಿ ಕನ್ನಡದೊಡನೆ ದಖನಿ ಉರ್ದು, ಲಂಬಾಣಿ, ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು, ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಇವೆ. ಬಂಗಾಳಿಯಲ್ಲಿ ‘ಬ್ಯಾಂಗ್‌ಟಾ’ ಎಂದರೆ ಗೊತ್ತಿರುವ ಕಪ್ಪೆ, ‘ಏಕ್‌ಟಾ ಬ್ಯಾಂಗ್’ ಎಂದರೆ ಯಾವುದೋ ಒಂದು. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಬಂಗಾಳಿ ಆಡುವ ಮಗು ಎರಡೂ ಭಾಷೆಗಳಲ್ಲಿ ಕಥೆ ಹೇಳಿದಾಗ ಬಂಗಾಳಿಯ ಕಥನದಲ್ಲಿ ಕಪ್ಪೆಯ ಗುರುತು ನಿಶ್ಚಿತವಾಗಿ, ಕನ್ನಡದಲ್ಲಿ ಅನಿಶ್ಚಿತವಾಗಿ ಕಂಡರೆ ಅದನ್ನು ಕನ್ನಡದ ಮೇಲಿನ ಹಿಡಿತ ಸಾಲದೆಂದು ಅಂಕ ಕಳೆಯುವ ಅಪಾಯ ಇದ್ದೇ ಇದೆ. ಲಿಂಗದಲ್ಲಿ ಇದು ತಿರುಗುಮುರುಗಾಗುತ್ತದೆ. ಬಂಗಾಳಿಯ ‘ಶೆ’ಗೆ ಗಂಡುಹೆಣ್ಣಿನ ಭೇದವಿಲ್ಲ, ಕ್ರಿಯಾಪದಕ್ಕೂ ಇಲ್ಲ. ಕನ್ನಡದ ಕ್ರಿಯಾಪದ ಪ್ರತಿ ವಾಕ್ಯದ ಕೊನೆಗೂ ಕೇಳುತ್ತದೆ. ಸ್ಥಳೀಯ ಕಲಾವಿದನಿಂದ ಬರೆಯಿಸಿದ ಚಿತ್ರಮಾಲೆಯಲ್ಲಿ ಮಗುವಿನ ಕೂದಲು ಮೂರನೆಯ ಚಿತ್ರದಲ್ಲಿ ಗಿಡ್ಡ, ಐದನೆಯದರಲ್ಲಿ ಉದ್ದ ಆದರೆ ಬಂಗಾಳಿ ಕಥನ ಅದನ್ನು ಸದ್ದಿಲ್ಲದೆ ದಾಟುತ್ತದೆ. ಕನ್ನಡ ಕಥನದಲ್ಲಿ ‘ಬಂದ’ ಎಂಬುದು ‘ಬಂದಳು’ ಆಗುತ್ತದೆ, ಅಥವಾ ಜಾಣ ಮಗುವಾದರೆ ‘ಮಗು ಬಂತು’ ಎಂದು ನಪುಂಸಕಕ್ಕೆ ಹೊರಳುತ್ತದೆ. ಪ್ರತಿಲೇಖನದಲ್ಲಿ ಇದು ಅನ್ವಯದೋಷವೆಂದು ದಾಖಲಾಗುತ್ತದೆ. ತಪ್ಪು ಚಿತ್ರದ್ದು, ಲೆಕ್ಕ ಮಗುವಿನ ಖಾತೆಗೆ.

ಚಿತ್ರಮಾಲೆ ಬಳಸಿದ ಪ್ರಬಂಧಗಳಲ್ಲಿ ಮಾತುಗಾರರ ವಯಸ್ಸು, ಊರು, ಶಿಕ್ಷಣದ ಕೋಷ್ಟಕ ಇರುತ್ತದೆ. ಚಿತ್ರಗಳಲ್ಲಿ ಯಾವ ಗುರುತು ಯಾವ ಚೌಕಟ್ಟಿನಲ್ಲಿ ಬದಲಾಗಿದೆ, ಆ ಗುರುತನ್ನು ಅಧ್ಯಯನದ ಭಾಷೆ ಹೇಳಲೇಬೇಕೋ ಬಿಡಬಹುದೋ ಎಂಬ ಕೋಷ್ಟಕವನ್ನೂ ಪರೀಕ್ಷಕರು ಕೇಳುವುದು ಯೋಗ್ಯ. ದ್ವಿಭಾಷಿಕ ಮಕ್ಕಳ ಅಧ್ಯಯನವಾದರೆ ಎರಡು ಭಾಷೆಗಳಿಗೂ ಬೇರೆ ಬೇರೆ ಕಲಂ ಬೇಕಾಗುತ್ತದೆ, ಏಕೆಂದರೆ ಒಂದೇ ಚಿತ್ರ ಒಂದರಲ್ಲಿ ದೋಷಪೂರ್ಣ, ಇನ್ನೊಂದರಲ್ಲಿ ನಿರ್ದೋಷ.